ಕುಚ್ಚಲಕ್ಕಿಯ ಮೇಲೆ ಕೋವಿ

ಅರವತ್ತು ದಾಟಿದ ಗಂಡಸಿಗೆ ಉಡುಪಿ ಜಿಲ್ಲೆಯಲ್ಲಿ ಉಳಿದಿರುವ ಕ್ರೀಡೆ ಯಾವುದು, ನೀವೇ ಹೇಳಿ. ಕಂಬಳದ ಗದ್ದೆಗೆ ಇಳಿಯಲು ಮೊಣಕಾಲು ಒಪ್ಪುವುದಿಲ್ಲ. ವಾಲಿಬಾಲ್ ಕೋರ್ಟಿನ ಹತ್ತಿರ ಸುಳಿದರೆ ‘ಅಂಕಲ್, ಸ್ಕೋರ್ ಬರೀರಿ’ ಎಂದು ಪೆನ್ನು ಕೊಡುತ್ತಾರೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಮಾಡುತ್ತಾರೆ, ಅದೂ ಲೆಗ್ ಅಂಪೈರ್. ಹೀಗೆ ಬದಿಗೆ ಸರಿದಿದ್ದ ನನಗೆ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಅಣ್ಣನ ಮಗಳು ಒಂದು ಭಾನುವಾರ ಕಾಪುವಿನ ನಮ್ಮ ಮನೆಗೆ ಮೀನೂಟಕ್ಕೆ ಬಂದವಳು, “ಚಿಕ್ಕಪ್ಪ, ಕೂತೇ ಆಡುವ ಆಟ ಒಂದುಂಟು” ಎಂದಳು.

ಬೆಂಚ್‌ರೆಸ್ಟ್ ಶೂಟಿಂಗ್. ಮೇಜಿನ ಮುಂದೆ ಕೂರುವುದು. ರೈಫಲಿನ ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ, ಹಿಂಭಾಗವನ್ನು ಮರಳಿನ ಚೀಲದ ಮೇಲೆ ಮಲಗಿಸುವುದು. ಸ್ಕೋಪಿನಲ್ಲಿ ಕಣ್ಣಿಟ್ಟು ಟ್ರಿಗರ್ ಒತ್ತುವುದು. ಏರ್ ರೈಫಲಾದರೆ 25 ಮೀಟರ್ ದೂರದಲ್ಲೊಂದು ಕಾರ್ಡು, ಅದರಲ್ಲಿ 25 ಪುಟಾಣಿ ಗುರಿಗಳು, ಒಂದೊಂದಕ್ಕೆ ಹತ್ತು ಅಂಕ, ಒಟ್ಟು 250. ಒಲಿಂಪಿಕ್ಸ್‌ನಲ್ಲಿ ಇಲ್ಲ, ಆದರೆ ಇದಕ್ಕೇ ಪ್ರತ್ಯೇಕ ವಿಶ್ವಕಪ್ ಉಂಟು. ಬೇರೆ ಬೇರೆ ದೇಶಗಳಲ್ಲಿ ಆಡುವವರು ಹೆಚ್ಚುತ್ತಿದ್ದಾರೆ, ಅವರಲ್ಲಿ ಅಜ್ಜಂದಿರೂ ಬೇಕಾದಷ್ಟಿದ್ದಾರೆ ಎಂದಳು. ಅಜ್ಜಂದಿರ ಮಾತು ನನ್ನ ಕಿವಿಗೆ ಬೀಳಲಿಲ್ಲ. ವಿಶ್ವಕಪ್ ಬಿತ್ತು. ಸರ್ವೀಸ್ ಪೂರ್ತಿ ಬ್ಯಾಂಕಿನಲ್ಲಿ ಮೇಜಿನ ಹಿಂದೆ ಅಲ್ಲಾಡದೆ ಕೂತವನಿಗಿಂತ ಇದಕ್ಕೆ ಯೋಗ್ಯರು ಯಾರು?

ದೇಶದಲ್ಲಿ ಗಾಳಿಯೂ ಹಾಗೇ ಬೀಸುತ್ತಿತ್ತು ಮಾರಾಯ್ರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟಿಂಗ್‌ನಿಂದಲೇ ಮೂರು ಕಂಚು. ಅದರಲ್ಲಿ ರೈಫಲಿನದ್ದನ್ನು ತಂದ ಸ್ವಪ್ನಿಲ್ ಕುಸಾಳೆ ರೈಲ್ವೆ ನೌಕರ. ರೈಲ್ವೆಯವರಿಗೆ ಆಗುವುದು ಬ್ಯಾಂಕಿನವರಿಗೆ ಆಗದೆ? ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ದೇಶಕ್ಕೆ ಒಲಿಂಪಿಕ್ ಕೋಟಾ ಗೆದ್ದುಕೊಟ್ಟಾಗ ಆಕೆಗೆ 15 ವರ್ಷ. ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. “ಆ ಹುಡುಗಿ ನಿಂತು ಹೊಡೆಯುವುದು” ಎಂದಳು.

ಬಿಡಲಿಲ್ಲ. ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2022ರಲ್ಲಿ ಫ್ರಾನ್ಸಿನಲ್ಲಿ ಪ್ಯಾರಾ ವಿಶ್ವಕಪ್ ಚಿನ್ನ ಗೆದ್ದದ್ದು ರೈಫಲನ್ನು ಸ್ಟ್ಯಾಂಡಿನ ಮೇಲಿಟ್ಟೇ ಎಂದೆ. “ಅವರ ವಿಭಾಗದಲ್ಲಿ ಕೈಗೆ ಶಕ್ತಿ ಸಾಲದವರಿಗೆ ಸ್ಟ್ಯಾಂಡ್ ಕೊಡುವುದು. ನಿಮ್ಮ ಎರಡು ಕೈಯೂ ಗಟ್ಟಿ ಉಂಟು, ಕಾಯಿ ಸುಲಿಯಿರಿ” ಎಂದಳು. ಇಂಥವಳಿಗೆ ಇಷ್ಟೆಲ್ಲ ಯಾರು ಹೇಳಿಕೊಟ್ಟರೋ.

ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಹೊಡೆದರಲ್ಲ, ಅವರ ಅಪ್ಪ ಮಗನಿಗಾಗಿ ಮನೆಯಲ್ಲೇ ಶೂಟಿಂಗ್ ರೇಂಜ್ ಕಟ್ಟಿಸಿದ್ದರು. ನನ್ನ ಅಪ್ಪ ಕಟ್ಟಿಸಿದ್ದು ಹಟ್ಟಿ. ಅದರ ಹಿಂದಿನ ಎತ್ತರದ ಕೆಂಪುಕಲ್ಲಿನ ಗೋಡೆಗೆ ಹಳೆ ಬಟ್ಟೆ ತುಂಬಿದ ಮರದ ಪೆಟ್ಟಿಗೆ ಒರಗಿಸಿ, ಕಾರ್ಡು ಅಂಟಿಸಿ, ಅಲ್ಲಿಂದ ಟೇಪು ಹಿಡಿದು ಹಿಂದೆ ಹಿಂದೆ ಬಂದೆ. 25 ಮೀಟರಿಗೆ ಸರಿಯಾಗಿ ನನ್ನ ಬೆನ್ನಿಗೆ ತಾಗಿದ್ದು ಬಟ್ಟೆ ಒಗೆಯುವ ಕಲ್ಲು.

ದೈವಸಂಕಲ್ಪ ಎಂದೇ ತಿಳಿದೆ. ಈ ಆಟಕ್ಕೆ ಮೇಜು ಕೂದಲೆಳೆಯಷ್ಟೂ ಅಲುಗಬಾರದು. ದೊಡ್ಡ ರೇಂಜುಗಳಲ್ಲಿ ಕಾಂಕ್ರೀಟಿನ ಮೇಜೇ ಇರುತ್ತದೆ. ನಮ್ಮದು ಇಡೀ ಶಿಲೆ. ಆದರೆ ಒಗೆಯುವ ಕಲ್ಲು ನೀರು ಹರಿಯಲೆಂದು ಇಳಿಜಾರಾಗಿರುತ್ತದೆ ಎಂಬುದು, ಜೀವಮಾನದಲ್ಲಿ ಬಟ್ಟೆ ಒಗೆಯದವನಿಗೆ ರೈಫಲ್ ಜಾರಿ ಮಡಿಲಿಗೆ ಬಂದಾಗಲೇ ತಿಳಿಯುವುದು.

ಇನ್ನು ಚೀಲ. ಮನೆಯಿಂದ ಕೂಗಳತೆಯಲ್ಲಿ ಸಮುದ್ರ, ದೀಪಸ್ತಂಭದ ಬುಡದಿಂದ ಕಣ್ಣು ಹಾಯುವವರೆಗೂ ಮರಳು. ಆದರೆ ನಮ್ಮ ಜಿಲ್ಲೆಯಲ್ಲಿ ಮರಳು ಕಳ್ಳಸಾಗಣೆಯ ಸಂಗತಿ ನಿಮಗೆ ಗೊತ್ತಲ್ಲ. ಸಂಜೆಗತ್ತಲಲ್ಲಿ ಚೀಲ ಹಿಡಿದು ಬೀಚಿನಿಂದ ಬರುವ ಮನುಷ್ಯನನ್ನು ಯಾರೂ ಕ್ರೀಡಾಪಟು ಎಂದುಕೊಳ್ಳುವುದಿಲ್ಲ. ಕೊನೆಗೆ ಹಳೆಯ ಆಫೀಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಬಾಯಿ ಹೊಲಿದು, ಕುಚ್ಚಲಕ್ಕಿ ತುಂಬಿಸಿದೆ. ಏನು ಸೊಗಸಾಗಿ ಕೂತಿತು ರೈಫಲ್!

ಆಮೇಲೆ ವಿಚಿತ್ರ ಶುರುವಾಯಿತು. ಬೆಳಿಗ್ಗೆ ಸರಿಯಾಗಿ ಬೀಳುತ್ತಿದ್ದ ಗುಂಡು ಮಧ್ಯಾಹ್ನದ ನಂತರ ಮೇಲಕ್ಕೆ ಹೋಗುತ್ತಿತ್ತು. ಶಾಖದ ಪರಿಣಾಮವೋ, ಕಡಲಗಾಳಿಯೋ ಎಂದು ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಮಾಡಿದೆ, ಗ್ರಾಫ್ ಹಾಕಿದೆ. ಗ್ರಾಫ್ ನೋಡಿದ ಹೆಂಡತಿ ತಣ್ಣಗೆ ಹೇಳಿದಳು: “ಡಬ್ಬದಲ್ಲಿ ಅಕ್ಕಿ ಮುಗಿದಿದೆ. ದಿನಾ ಎರಡು ಪಾವು ನಿಮ್ಮ ಪ್ಯಾಂಟಿನಿಂದ ತೆಗೆಯುವುದು.” ಹಿಂದೆ ಚೀಲ ಇಳಿದಷ್ಟೂ ಮುಂದೆ ನಳಿಗೆ ಏಳುತ್ತದೆ. ಮುಂಬೈಯಿಂದ ನೆಂಟರು ಬಂದ ವಾರವಂತೂ ಗುಂಡುಗಳು ಹಟ್ಟಿಯ ಹೆಂಚಿನ ಎತ್ತರಕ್ಕೆ ಹೋದವು.

ಗಾಳಿಯದ್ದೂ ಸುಳ್ಳಲ್ಲ. ಏರ್ ರೈಫಲಿನ ಸೀಸದ ಗುಂಡಿನ ತೂಕ ಅರ್ಧ ಗ್ರಾಮಿನ ಆಸುಪಾಸು, ಸಣ್ಣ ಗಾಳಿಗೂ ಓಲುತ್ತದೆ. ಅದಕ್ಕೇ ಪಂದ್ಯಗಳಲ್ಲಿ ದಾರಿಯುದ್ದಕ್ಕೂ ಪುಟ್ಟ ಬಾವುಟ ನೆಡುತ್ತಾರೆ. ನಮ್ಮಲ್ಲಿ ಒಣಹಾಕಿದ ಸೀರೆಯೇ ಬಾವುಟ. ಸೀರೆ ಬಲಕ್ಕೆ ಹಾರಿದರೆ ಗುರಿ ಎಡಕ್ಕೆ ಇಡಬೇಕು ಎಂದು ಲೆಕ್ಕ ಹಾಕಿ, ಉಸಿರು ಬಿಗಿಹಿಡಿದು, ಇನ್ನೇನು ಒತ್ತಬೇಕು ಎನ್ನುವಾಗ ಮೋಡ ಕಂಡ ಅತ್ತೆ ಬಂದು ಬಾವುಟ ಮಡಚಿಕೊಂಡು ಒಳಗೆ ಹೋಗುತ್ತಾರೆ.

ಅತ್ತೆಯ ನಿಜವಾದ ಆಸಕ್ತಿ ಸ್ಕೋಪಿನ ಮೇಲೆ. ನಾನು ಮಲಗಿದಾಗ ಅದನ್ನು ಮೊಮ್ಮಗನ ಕೈಯಲ್ಲಿ ಬಿಚ್ಚಿಸಿ, ಜಗಲಿಯಲ್ಲಿ ಕೂತು, ಮೀನಿನವಳ ಬುಟ್ಟಿ ಪಕ್ಕದ ಗೇಟಿನಲ್ಲಿ ಇಳಿಯುವಾಗಲೇ ವರದಿ ಕೊಡುತ್ತಾರೆ: “ಅವರು ಅಂಜಲ್ ತೆಗೊಂಡರು. ನಮಗೆ ಬೂತಾಯಿಯೇ ಗತಿ.” ಸ್ಕೋಪ್ ಒಮ್ಮೆ ಕಳಚಿದರೆ ಹೊಂದಿಸಿದ್ದೆಲ್ಲ ಹೋಯಿತು, ಮತ್ತೆ ಮೊದಲಿಂದ ಗುಂಡು ಹಾರಿಸಿ ಸರಿಮಾಡಬೇಕು. ಮೀನು ಬರುವ ದಿನಗಳಲ್ಲಿ ನನ್ನ ಅಭ್ಯಾಸವೆಲ್ಲ ಬರೀ ಹೊಂದಿಸುವುದರಲ್ಲೇ ಮುಗಿಯುತ್ತದೆ.

ಹೀಗಿದ್ದೂ ಒಂದು ಸಂಜೆ ಪವಾಡ ನಡೆಯಿತು. ಐದು ಗುಂಡು, ಕಾರ್ಡಿನಲ್ಲಿ ಒಂದೇ ತೂತು. ಬೆಂಚ್‌ರೆಸ್ಟಿನಲ್ಲಿ ಗುಂಡುಗಳೆಲ್ಲ ಎಷ್ಟು ಒತ್ತಾಗಿ ಬಿದ್ದವು ಎಂದು ಅಳೆಯುವ ಪಂದ್ಯವೂ ಉಂಟು, ಅದಕ್ಕೆ ಗ್ರೂಪ್ ಎನ್ನುತ್ತಾರೆ. ಫೋಟೊ ತೆಗೆದು ಕುಟುಂಬದ ವಾಟ್ಸ್ಆ್ಯಪಿಗೆ ಹಾಕಿದೆ. ದುಬೈಯಿಂದಲೂ ಹೆಬ್ಬೆರಳು ಬಂತು. ಮರುದಿನ ಹಿತ್ತಲಿನ ಗುಳ್ಳ ಕೊಯ್ದು ಹುಳಿಗೆ ಹೆಚ್ಚುತ್ತಿದ್ದ ಹೆಂಡತಿಯ ಕತ್ತಿಗೆ ಟಣ್ ಎಂದು ಏನೋ ತಾಗಿತು. ಉಳಿದ ನಾಲ್ಕರ ಪೈಕಿ ಒಂದು. ಮಟ್ಟುವಿನಲ್ಲಿ ಬೆಳೆದ ಗುಳ್ಳಕ್ಕೆ 2011ರಿಂದ ಜಿಐ ಮಾನ್ಯತೆ ಉಂಟು. ನಮ್ಮದಕ್ಕೆ ನನ್ನ ಮುದ್ರೆ ಬಿತ್ತು. ಸೀಸ ವಿಷ ಎಂದು ಹುಳಿಯನ್ನೂ ಚೆಲ್ಲಬೇಕಾಯಿತು. ಆ ರಾತ್ರಿ ಗಂಜಿಗೆ ಉಪ್ಪಿನಕಾಯಿ.

ಕಾರ್ಕಳದ ಭಾವನ ಬಳಿ ಬೆಳೆ ರಕ್ಷಣೆಯ ನಿಜವಾದ ಕೋವಿ ಉಂಟು. ಚುನಾವಣೆ ಘೋಷಣೆಯಾದರೆ ಅದು ಠಾಣೆಗೆ ಹೋಗಿ ಕೂರಬೇಕು; ಭಾವ ಗೊಣಗುತ್ತಾನೆ, ಆದರೆ ಅದರಲ್ಲೊಂದು ಗತ್ತು ಉಂಟು. ನಾನೂ ನನ್ನದನ್ನು ಬೆಡ್‌ಶೀಟಿನಲ್ಲಿ ಸುತ್ತಿ ಒಪ್ಪಿಸಲು ಹೋದೆ. 20 ಜೂಲಿಗಿಂತ ಕಡಿಮೆ ಶಕ್ತಿಯ 4.5 ಮಿ.ಮೀ. ಏರ್ ರೈಫಲಿಗೆ ಲೈಸೆನ್ಸೇ ಬೇಡ. ಅಲ್ಲಿದ್ದವರು ಬೆಡ್‌ಶೀಟ್ ಬಿಚ್ಚಿ ನೋಡಿ, “ಇದರಿಂದ ಚುನಾವಣೆಗೆ ಎಂತದೂ ಆಗುವುದಿಲ್ಲ, ತೆಗೊಂಡು ಹೋಗಿ” ಎಂದರು. ಇಷ್ಟು ಅವಮಾನ ಯಾವ ಮತದಾರನಿಗೂ ಆಗಬಾರದು.

ಜನವರಿ ಕೊನೆಗೆ ಎಲ್ಲರೂ ಅತ್ತೂರು ಜಾತ್ರೆಗೆ ಹೋದೆವು. ಅಲ್ಲಿ ಬಲೂನು ಹೊಡೆಯುವ ಅಂಗಡಿ ಕಂಡಾಗ ಹೊಳೆಯಿತು, ಹಲಗೆಗೆ ಮೊಣಕೈ ಊರಿ ಹೊಡೆಯುವ ಇದೂ ಬೆಂಚ್‌ರೆಸ್ಟೇ. ನಮ್ಮವರು ಇದನ್ನು ತಲೆಮಾರುಗಳಿಂದ ಆಡುತ್ತಿದ್ದಾರೆ. ಈ ಸಂಶೋಧನೆಯನ್ನು ಗಟ್ಟಿಯಾಗಿ ವಿವರಿಸಿ ನಾನು ಕೂತೆ. ಬಲೂನುಗಳು ಹಾಗೇ ಇದ್ದವು. ನಳಿಗೆ ಸೊಟ್ಟ ಎಂದೆ. ಅದೇ ಸೊಟ್ಟ ನಳಿಗೆಯಲ್ಲಿ, ಐಸ್‌ಕ್ರೀಮ್ ಎಡಗೈಗೆ ದಾಟಿಸಿಕೊಂಡು, ಅತ್ತೆ ಕೆಂಪು ಬಲೂನೊಂದನ್ನು ಒಡೆದರು.

ನಿಂತು ಹೊಡೆಯುವವರೇ ಪುಣ್ಯವಂತರು ಎಂದು ನನಗೀಗ ಅನಿಸುತ್ತದೆ. ಅವರಿಗೆ ಕೈ ನಡುಗಿತು, ಬೆನ್ನು ಹಿಡಿಯಿತು, ಬಿಪಿ ಏರಿತು ಎನ್ನಬಹುದು. ಬೆಂಚ್‌ರೆಸ್ಟಿನಲ್ಲಿ ಕೋವಿಯನ್ನು ಹಿಡಿಯುವುದು ಕಲ್ಲು ಮತ್ತು ಚೀಲ. ಅಲ್ಲಾಡಲು ಉಳಿಯುವುದು ನಾನೊಬ್ಬನೇ.

ಆದರೂ ಈ ಆಟ ಬಿಡುವವನಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಸಲಿ ಮರಳಿನ ಚೀಲ ಇದ್ದರೆ ದಯವಿಟ್ಟು ತಿಳಿಸಿ. ಬದಲಿಗೆ ಐದು ಸೇರು ಕುಚ್ಚಲಕ್ಕಿ ಕೊಡುತ್ತೇನೆ. ಸ್ವಲ್ಪ ಎಣ್ಣೆಯ ವಾಸನೆ ಉಂಟು, ಎರಡು ಸಲ ತೊಳೆದರೆ ಹೋಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ.