ಒಂಬತ್ತು ಮಿಲಿಮೀಟರ್ ಚಂದ್ರ

ಚಂದ್ರನ ಫೋಟೊ ತೆಗೆಯುವವನಿಗೆ ಮೊದಲು ಬೇಕಾದದ್ದು ಕ್ಯಾಮೆರಾ ಅಲ್ಲ, ಪಂಚಾಂಗ. ನಮ್ಮನೆಯ ಒಂಟಿಕೊಪ್ಪಲ್ ಪಂಚಾಂಗವನ್ನು ಎಲ್ಲರಿಗಿಂತ ಹೆಚ್ಚು ತಿರುವಿಹಾಕುವವನು ನಾನೇ. ನಮ್ಮತ್ತೆಗೆ ಇದು ಬಹಳ ಕಾಲ ಹೆಮ್ಮೆಯ ವಿಷಯವಾಗಿತ್ತು. ಅಳಿಯಂದಿರಿಗೆ ಅಂತೂ ದೇವರು ದಿಂಡರು ಅಂತ ಬುದ್ಧಿ ಬಂತಲ್ಲ ಎಂದುಕೊಂಡಿದ್ದರು. ನಾನು ಹುಡುಕುವುದು ಶುಕ್ಲಪಕ್ಷದ ಅಷ್ಟಮಿಯನ್ನು ಎಂದು ತಿಳಿದ ದಿನ ಹೆಮ್ಮೆ ಸರ್ರನೆ ಇಳಿಯಿತು.

"ಅಷ್ಟಮಿ ದಿನ ಯಾರಾದ್ರೂ ಕೆಲಸಕ್ಕೆ ಕೈ ಹಾಕ್ತಾರಾ? ಹುಣ್ಣಿಮೆಗೇನಾಗಿದೆ? ದುಂಡಗೆ, ಲಕ್ಷಣವಾಗಿ ಇರ್ತಾನಲ್ಲ!"

ಲಕ್ಷಣವೇನೋ ಸರಿ. ಆದರೆ ಹುಣ್ಣಿಮೆ ಚಂದ್ರ ಫೋಟೊಗೆ ಒಗ್ಗುವ ಪೈಕಿಯಲ್ಲ. ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಅವನ ಮುಖಕ್ಕೆ ನೇರ ಬೆಳಕು ಹೊಡೆಯುತ್ತಿರುತ್ತಾನೆ. ಬೆಟ್ಟಕ್ಕೂ ನೆರಳಿಲ್ಲ, ಕುಳಿಗೂ ನೆರಳಿಲ್ಲ. ಒಂದು ತಿಥಿಯೆಂದರೆ ಸೂರ್ಯಚಂದ್ರರ ನಡುವೆ 12 ಡಿಗ್ರಿ ಅಂತರ ಬೆಳೆದಂತೆ. ಸಪ್ತಮಿ ಮುಗಿದಾಗ 84, ಅಷ್ಟಮಿ ಮುಗಿದಾಗ 96. ಸರಿಯಾಗಿ 90 ಬರುವುದು ಅಷ್ಟಮಿಯ ನಟ್ಟನಡುವೆ. ಆಗ ಬಿಸಿಲು ಪಕ್ಕದಿಂದ ಬೀಳುತ್ತದೆ, ಹಗಲು ರಾತ್ರಿಗಳ ಗಡಿ ಚಂದ್ರನ ಮಧ್ಯದಲ್ಲೇ ಹಾದುಹೋಗುತ್ತದೆ. ಟಾಲೆಮಿಯಸ್, ಆಲ್ಫಾನ್ಸಸ್, ಅರ್ಜಾಖೆಲ್ ಎಂಬ ಮೂರು ದೊಡ್ಡ ಕುಳಿಗಳು ಆ ಗಡಿಯಲ್ಲಿ ಸಾಲಾಗಿ, ಅರ್ಧರ್ಧ ಹೊಟ್ಟೆ ಕತ್ತಲು ತುಂಬಿಕೊಂಡು ಕೂತಿರುತ್ತವೆ. ಹುಣ್ಣಿಮೆ ದಿನ ಇದೇ ಮೂವರನ್ನು ಹುಡುಕಿ ನೋಡಿ, ಮನೆ ಖಾಲಿ ಮಾಡಿ ಹೋದಂತಿರುತ್ತದೆ. ಪಂಚಾಂಗದವರು ಯಾವ ಮುಹೂರ್ತಕ್ಕೂ ಬೇಡವೆಂದು ತಳ್ಳಿದ ತಿಥಿಯೇ ನಮ್ಮ ಸುಮುಹೂರ್ತ. ಛತ್ರದ ಗಲಾಟೆ, ವಾಲಗ, ಪಟಾಕಿ ಯಾವುದೂ ಇರುವುದಿಲ್ಲ ಎಂಬುದು ಮೇಲಿನ ಲಾಭ.

ಇನ್ನು 'ಸೂಪರ್ ಮೂನ್' ಎಂದು ಟೀವಿಯವರು ಊರೆಲ್ಲ ಎಬ್ಬಿಸುತ್ತಾರಲ್ಲ, ಅದು ಅತಿ ಚಿಕ್ಕ ಹುಣ್ಣಿಮೆ ಚಂದ್ರನಿಗಿಂತ ಶೇ. 14ರಷ್ಟು ದೊಡ್ಡದು. ಚಿಕ್ಕವನನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದರೆ ಗೊತ್ತಾದೀತು. ಆ ಅನುಕೂಲ ಆಕಾಶದಲ್ಲಿಲ್ಲ. ಅವತ್ತು ಆಫೀಸಿನಲ್ಲಿ ಎಲ್ಲರೂ "ಸರ್, ಇವತ್ತು ಬಿಡ್ಬೇಡಿ" ಎನ್ನುತ್ತಾರೆ. ನಾನು ಬೇಗ ಊಟ ಮಾಡಿ ಮಲಗುತ್ತೇನೆ.

ನನ್ನ ಲೆನ್ಸು ಎಂಟಿಓ 1000. ಹುಟ್ಟಿದ್ದು ಸೋವಿಯತ್ ಒಕ್ಕೂಟದಲ್ಲಿ. ಆ ದೇಶ 1991ರಲ್ಲೇ ತೀರಿಕೊಂಡಿತು, ಲೆನ್ಸು ಗಟ್ಟಿಮುಟ್ಟಾಗಿದೆ. ಮೈಸೂರಿನಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಹಿರಿಯರೊಬ್ಬರು ರಂಗನತಿಟ್ಟಿನ ಹಕ್ಕಿಗಳಿಗೆಂದು ಕೊಂಡು, ಹೊತ್ತು ಹೊತ್ತು ಸಾಕಾಗಿ ಅಟ್ಟಕ್ಕೇರಿಸಿದ್ದರು. ನನಗೆ ಕೊಡುವಾಗ ಬೆಲೆಯ ಬಗ್ಗೆ ಚೌಕಾಸಿ ಮಾಡಲಿಲ್ಲ. "ವಾಪಸ್ ಮಾತ್ರ ತರ್ಬೇಡಿ" ಎಂದರು.

ನೋಡಲಿಕ್ಕೆ ಹಾಲಿನ ಕ್ಯಾನು. ಸಾವಿರ ಮಿಲಿಮೀಟರ್ ಅಂದರೆ ಒಂದು ಮೀಟರು. ಅಷ್ಟುದ್ದದ ಕೊಳವೆ ಬೇಕಿತ್ತು. ಇದು ಗಿಡ್ಡವಾಗಿರುವುದು ಒಳಗಿನ ಕನ್ನಡಿಗಳಿಂದ. ಬೆಳಕು ಒಳಗೆ ಹೋಗಿ, ಹಿಂದಿನ ಕನ್ನಡಿಗೆ ಬಡಿದು, ಮುಂದಿನ ಗಾಜಿನ ಬೆನ್ನಿಗಿರುವ ಪುಟ್ಟ ಕನ್ನಡಿಗೆ ವಾಪಸಾಗಿ, ಅಲ್ಲಿಂದ ಮತ್ತೆ ಹಿಂದಕ್ಕೆ ತಿರುಗಿ ಕ್ಯಾಮೆರಾ ಸೇರುತ್ತದೆ. 1941ರಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡಿನ ಕಡೆ ಬರುತ್ತಿದ್ದಾಗ, ಊರು ಬಿಟ್ಟು ಹೊರಟ ದ್ಮಿತ್ರಿ ಮಕ್ಸುತೊವ್ ಎಂಬ ವಿಜ್ಞಾನಿಗೆ ರೈಲಿನಲ್ಲಿ ಈ ವಿನ್ಯಾಸ ಹೊಳೆಯಿತಂತೆ. ಶಾಲೆಗಳಿಗೆ ಅಗ್ಗದ ದೂರದರ್ಶಕ ಮಾಡುವುದು ಹೇಗೆ ಎಂದು ಯೋಚಿಸುತ್ತಿದ್ದರಂತೆ. ನನಗೆ ರೈಲಿನಲ್ಲಿ ಹೊಳೆಯುವುದು ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂಬುದು ಮಾತ್ರ. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಎಂಟಿಓ ಲೆನ್ಸುಗಳಿಗೆ ಗ್ರಾಂಡ್ ಪ್ರಿ ಬಹುಮಾನವೂ ಬಂತು. ನವಕರ್ನಾಟಕದ ಮಳಿಗೆಯಲ್ಲಿ ಚಿಲ್ಲರೆ ಕಾಸಿಗೆ ಸೋವಿಯತ್ ವಿಜ್ಞಾನದ ಪುಸ್ತಕ ಕೊಂಡು ಓದಿದ ನಮ್ಮ ತಲೆಮಾರಿನವರಿಗೆ ಈ ಲೆನ್ಸಿನ ಸ್ವಭಾವ ಹೇಳಿಕೊಡಬೇಕಿಲ್ಲ. ಮೇಲ್ಮೈ ಒರಟು, ಕಟ್ಟು ಗಟ್ಟಿ, ಒಳಗಿನ ಗಣಿತ ಅಪ್ಪಟ.

ಇಷ್ಟೆಲ್ಲ ಹೊತ್ತರೆ ಸಿಗುವ ಚಂದ್ರನ ಗಾತ್ರ ಕೇಳಬೇಡಿ. ಕೇಳಿದರೆ ಲೆಕ್ಕ ಸುಲಭ: ಲೆನ್ಸಿನ ಮಿಲಿಮೀಟರನ್ನು 110ರಿಂದ ಭಾಗಿಸಿ. ಮಾಮೂಲು 50 ಎಂಎಂ ಲೆನ್ಸಿನಲ್ಲಿ ಚಂದ್ರ ಅರ್ಧ ಮಿಲಿಮೀಟರೂ ಇಲ್ಲ. 500ರಲ್ಲಿ ನಾಲ್ಕೂವರೆ. ನನ್ನ ಕ್ಯಾನಿನಲ್ಲಿ ಒಂಬತ್ತು. ಅದಕ್ಕೇ ಮಗಳ ಹುಟ್ಟುಹಬ್ಬಕ್ಕೆಂದು ತಂದ ಕ್ಯಾಮೆರಾದಲ್ಲಿ ಜನ ಚಂದ್ರನನ್ನು ಕ್ಲಿಕ್ಕಿಸಿದರೆ ಬಿಳಿ ಚುಕ್ಕೆ ಬರುವುದು. ಇನ್ನೊಂದು ಕಾರಣ, ಕ್ಯಾಮೆರಾಕ್ಕೆ ಸುತ್ತಲಿನ ಕತ್ತಲು ಕಂಡು ಇದು ರಾತ್ರಿ ಎಂದು ಗಾಬರಿಯಾಗುವುದು. ನಮಗೆ ಹೊಳೆದು ಕಾಣುವ ಚಂದ್ರನ ಮೇಲೆ ರಾತ್ರಿಯಿಲ್ಲ, ಅಲ್ಲಿ ಹಗಲು. ಬಿಸಿಲಿಗೆ ಬಿದ್ದ ಬಂಡೆ ಅದು. ಹಳೇ ಡಾಂಬರಿನಷ್ಟೇ ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 12ರಷ್ಟನ್ನು ಮಾತ್ರ ಹಿಂತಿರುಗಿಸುತ್ತದೆ. ಅಷ್ಟಕ್ಕೇ ನಮ್ಮ ಕವಿಗಳು ಹಾಲು, ಬೆಳ್ಳಿ, ಬೆಣ್ಣೆ ಎಲ್ಲ ತೀರಿಸಿಬಿಟ್ಟರು. ಎಫ್ 11ಕ್ಕೆ ಇಟ್ಟು, ಐಎಸ್‌ಓ 200 ಇದ್ದರೆ ಸೆಕೆಂಡಿನ 200ನೇ ಒಂದು ಭಾಗ ತೆರೆಯಿರಿ ಎಂಬುದು ಹುಣ್ಣಿಮೆಗೆ ಹಳಬರ ಸೂತ್ರ. ಅಷ್ಟಮಿಗೆ ಒಂದೆರಡು ಸ್ಟಾಪ್ ಕೈ ಬಿಚ್ಚಬೇಕು.

ನಿಜವಾದ ಕಷ್ಟ ಫೋಕಸ್ಸಿನದು. ಚಂದ್ರ ಅನಂತ ದೂರದಲ್ಲಿದ್ದಾನೆ, ರಿಂಗನ್ನು ಕೊನೆಗೆ ತಿರುಗಿಸಿಟ್ಟರಾಯಿತು ಎನ್ನುವಂತಿಲ್ಲ. ಚಳಿಗೆ ಕುಗ್ಗಿ ಸೆಕೆಗೆ ಹಿಗ್ಗುವ ಕನ್ನಡಿ ಲೆನ್ಸಾದ್ದರಿಂದ ಇದರ ರಿಂಗು ಅನಂತವನ್ನೂ ದಾಟಿ ಮುಂದೆ ಹೋಗುತ್ತದೆ. ಅನಂತದ ಆಚೆ ಏನಿದೆ ಎಂದು ಅದ್ವೈತಿಗಳು ಹೇಳಿಯಾರು. ನನ್ನ ಲೆನ್ಸಿನಲ್ಲಂತೂ ಬರೀ ಮಸುಕು. ಹಳೇ ಗ್ರೀಸು ಗಟ್ಟಿಯಾಗಿ ರಿಂಗು ಮೊದಲು ಅಲ್ಲಾಡುವುದಿಲ್ಲ, ಆಮೇಲೆ ಗಕ್ಕನೆ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಪರದೆಯ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ನೋಡುತ್ತಿದ್ದರೆ, ಬೆರಳು ತಾಗಿದ್ದಕ್ಕೇ ಇಡೀ ಚಂದ್ರ ಗಡಗಡ ನಡುಗುತ್ತಾನೆ. ನಡುಕ ನಿಲ್ಲಲಿ ಎಂದು ಕೈತೆಗೆದು ಉಸಿರು ಬಿಗಿಹಿಡಿದು ಕಾದರೆ, ಕುಳಿಯ ಅಂಚು ಚೂಪಾಗಿ ಮೂಡುವ ಹೊತ್ತಿಗೆ ಅದು ಪರದೆಯಿಂದ ಆಚೆಗೆ ಹೊರಟಿರುತ್ತದೆ. ಭೂಮಿ ತಿರುಗುವ ರಭಸಕ್ಕೆ ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಜೊತೆಗೆ ತಾರಸಿ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತಿರುತ್ತದೆ. ಆ ಬಿಸಿ ಗಾಳಿಯಲ್ಲಿ ಕುಳಿಗಳೆಲ್ಲ ತಳಮಳ ಕುದಿಯುತ್ತವೆ. 1840ರಲ್ಲಿ ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಬೆಳ್ಳಿ ತಗಡಿನ ಮೇಲೆ ಚಂದ್ರನ ಚಿತ್ರ ಹಿಡಿಯಲು 20 ನಿಮಿಷ ಬೆಳಕು ಬಿಟ್ಟರಂತೆ. ಅವರ ಮನೆಯವರು ಏನೆಂದರೆಂಬುದನ್ನು ಇತಿಹಾಸ ದಾಖಲಿಸಿಲ್ಲ.

ಬೆಂಗಳೂರಿಗೆ ಇನ್ನೊಂದು ಕಾಟವುಂಟು. ಆಕಾಶ ತಿಳಿಯಾಗಿರುವ ಫಾಲ್ಗುಣ ಚೈತ್ರಗಳಲ್ಲಿ ಅಷ್ಟಮಿ ಚಂದ್ರ ಸಂಜೆ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಗೇ ಬಂದು ನಿಲ್ಲುತ್ತಾನೆ. ಲೆನ್ಸು ನೆಟ್ಟಗೆ ಮೇಲೆ ನೋಡಿದರೆ ಕ್ಯಾಮೆರಾದ ಪರದೆ ನೆಟ್ಟಗೆ ಕೆಳಗೆ ನೋಡುತ್ತದೆ. ಹೀಗಾಗಿ ನಾನು ಚಾಪೆ ಹಾಸಿ ಟ್ರೈಪಾಡಿನ ಕಾಲುಗಳ ನಡುವೆ ತಲೆಯಿಟ್ಟು ಅಂಗಾತ ಮಲಗುತ್ತೇನೆ. ಇದನ್ನು ಒಣಗಿದ ಬಟ್ಟೆ ತೆಗೆಯಲು ಬಂದ ಎದುರುಮನೆ ಆಂಟಿ ನೋಡಿ, ನನ್ನ ಹೆಂಡತಿಗೆ ಫೋನ್ ಮಾಡಿ "ನಿಮ್ಮನೆಯವರಿಗೆ ಹುಷಾರಿದೆ ತಾನೇ?" ಎಂದು ಕೇಳಿದ್ದರು. ಅದಕ್ಕೆ ಮುಂಚೆ ಇದೇ ಆಂಟಿಗೆ ಈ ಕ್ಯಾನು ತಮ್ಮ ಅಡುಗೆಮನೆ ಕಿಟಕಿಯತ್ತ ತಿರುಗಿದೆಯೆಂಬ ಅನುಮಾನವಿತ್ತು. ನನ್ನ ಸ್ನೇಹಿತನ ಪಾಡು ಇನ್ನೂ ಕಷ್ಟ. ಅವನದು ಸೋವಿಯತ್ ಫೋಟೊಸ್ನೈಪರ್, 300 ಎಂಎಂ ತೈರ್ ಲೆನ್ಸಿಗೆ ಬಂದೂಕಿನ ಹಿಡಿ, ಕುದುರೆ ಸಮೇತ. ಅದನ್ನು ಭುಜಕ್ಕೊತ್ತಿ ತಾರಸಿಯಲ್ಲಿ ನಿಲ್ಲುವ ಧೈರ್ಯ ಅವನಿಗೆ ಇದುವರೆಗೆ ಬಂದಿಲ್ಲ.

ಎದುರುಮನೆ ಆಂಟಿಯ ಅನುಮಾನ ಕರಗಿದ್ದು ಸಂಕಷ್ಟಿಯಿಂದ. ಆವತ್ತು ಚಂದ್ರನನ್ನು ನೋಡದೆ ಊಟವಿಲ್ಲ. ಪೂರ್ವಕ್ಕೆ ಹೊಸ ಅಪಾರ್ಟ್‌ಮೆಂಟು ಎದ್ದಮೇಲೆ ಬೀದಿಯಲ್ಲಿ ಯಾರಿಗೂ ಚಂದ್ರೋದಯವಿಲ್ಲ. ನಮ್ಮ ತಾರಸಿಯ ನೀರಿನ ಟ್ಯಾಂಕಿನ ಪಕ್ಕದ ಸಂದಿಯೊಂದರಲ್ಲಿ ಮಾತ್ರ ಉಂಟು. ಒಂಬತ್ತರ ಸುಮಾರಿಗೆ ಹಾಲು, ಅಕ್ಷತೆ, ಹೂವು ಹಿಡಿದು ಐದಾರು ಜನ ಹೆಂಗಸರು ಟ್ರೈಪಾಡಿನ ಸುತ್ತ ನೆರೆಯುತ್ತಾರೆ. ಒಮ್ಮೆ ತೆಳು ಮೋಡದ ಹಿಂದೆ ಕಣ್ಣಿಗೆ ಕಾಣದವನು ಪರದೆಯಲ್ಲಿ ಮೆಲ್ಲಗೆ ಮೂಡಿದಾಗ, ಇದು ದರ್ಶನವೋ ಅಲ್ಲವೋ ಎಂಬ ಚರ್ಚೆ ಎದ್ದಿತು. "ಕನ್ನಡಕ ಹಾಕ್ಕೊಂಡು ನೋಡಲ್ವೇ? ಇದೂ ಹಂಗೇ. ಹಸಿವಾಗ್ತಿದೆ" ಎಂದು ನಮ್ಮತ್ತೆ ಅರ್ಘ್ಯ ಬಿಟ್ಟು ಕೆಳಗಿಳಿದರು. ಲೆನ್ಸಿನ ಮೇಲೆ ಬಿದ್ದ ಅಕ್ಷತೆಯನ್ನು ಬ್ರಷ್ಷಿನಿಂದ ತೆಗೆಯುವುದು ಈಗ ನನ್ನ ತಿಂಗಳ ಕಾಯಕ. ಇದೇ ಮಂಡಳಿ ಭಾದ್ರಪದದ ಚೌತಿ ದಿನ ನಾನು ತಾರಸಿಗೆ ಹೋಗದಂತೆ ಮೆಟ್ಟಿಲ ಬಾಗಿಲಿಗೆ ಬೀಗ ಜಡಿಯುತ್ತದೆ.

ಪಕ್ಕದ ಮನೆ ರಾಯರ ಮಗ ಒಮ್ಮೆ ತನ್ನ ಫೋನನ್ನು ಮೇಲೆತ್ತಿ ಟಕ್ಕೆಂದು ಕ್ಲಿಕ್ಕಿಸಿ ತೋರಿಸಿದ. ಕುಳಿ, ಗೆರೆ ಎಲ್ಲ ಸ್ವಚ್ಛ. ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುವವನು, ಫೋನಿಗೂ ಬಾಯಿಪಾಠ ಮಾಡಲು ಸುಲಭ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆ ಮೇಲಿಟ್ಟು ಫೋನಿನಲ್ಲಿ ತೆಗೆದರೆ, ಅದರಲ್ಲಿಲ್ಲದ ವಿವರಗಳನ್ನೂ ಫೋನು ತಾನೇ ಸೇರಿಸಿ ಕೊಟ್ಟಿತ್ತು. ಇದನ್ನು ಹೇಳಿದೆ. "ಚೆನ್ನಾಗ್ ಬಂದ್ರೆ ಸಾಕಲ್ವಾ ಅಂಕಲ್?" ಎಂದ.

ರಾಯರು ಮಾತ್ರ ಹಳೇ ಕಾಲದವರು, ದೊಡ್ಡ ಲೆನ್ಸಿಗೆ ಬೆಲೆ ಕೊಡುತ್ತಾರೆ. ಕ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ರಲ್ಲಿ ನಮ್ಮ ಹುಡುಗೀ ಮದುವೆ ಫೋಟೊ ತೆಗೆದ್ರೆ ಹೆಂಗಿರತ್ತೆ?" ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹುಡುಗಿ ಅಡಿಯಿಂದ ಮುಡಿಯವರೆಗೆ ಕಾಣಬೇಕಾದರೆ ನಾನು 70 ಮೀಟರು ದೂರ ನಿಲ್ಲಬೇಕು, ಅಂದರೆ ಛತ್ರದಿಂದ ಹೊರಗೆ, ರಸ್ತೆ ದಾಟಿ.

ರಾಯರು ಗಲ್ಲ ಕೆರೆದುಕೊಂಡರು. "ಎದುರಿಗೆ ನಮಗೆ ಗೊತ್ತಿರೋ ಡಾಕ್ಟ್ರ ಮನೆ ಇದೆ. ತಾರಸಿ ಕೇಳಿ ನೋಡ್ಲಾ?"