ತೊಟ್ಟಿಯ ನೀರಿನ ಪಂಚಾಯಿತಿ

ಕೆಂಗಲ್ ಆಂಜನೇಯನ ಗುಡಿಯ ಹತ್ತಿರ ತೋಟದ ಮನೆ ಕಟ್ಟಿಸಿದ ಭಾವನಿಗೆ ಈಗ ಗುಳ್ಳೆ ಏಳುವ ಬಿಸಿನೀರ ತೊಟ್ಟಿಯೂ ಬೇಕಂತೆ. ನೀರು ಯಾವುದು?

ಬೋರ್‌ವೆಲ್ಲಿನದು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ಬರುವ ಆ ನೀರು ಕಾದರೆ ಹೀಟರಿನ ಕಾಯಿಲಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಸೋಪು ಸವೆದರೂ ನೊರೆ ಬಾರದು. ಸಾಫ್ಟ್‌ನರ್ ಹಾಕಿಸಿದರೋ, ಅದಕ್ಕೆ ಆಗಾಗ ಉಪ್ಪು ಸುರಿಯಬೇಕು. ಉಪ್ಪಿನಕಾಯಿಗೂ ಅಷ್ಟು ಹಾಕುವುದಿಲ್ಲ! ತೀರಾ ಮೆದುವಾದ ನೀರಲ್ಲಿ ಚೂರು ಸೋಪು ಸೇರಿದರೂ ಸಾಕು, ತೊಟ್ಟಿ ತುಂಬ ನೊರೆಯೋ ನೊರೆ. ಹೀಟರಿನ ಲೋಹಕ್ಕೂ ಅಂಥ ನೀರು ಒಳ್ಳೆಯದಲ್ಲ. ಅದಕ್ಕೇ ಮಾಳಿಗೆಯ ಮೆದು ಮಳೆನೀರಿಗೆ ಬೋರ್ ನೀರು ಬೆರೆಸುವುದೇ ಸರಿ ಅಂದೆ.

“ಸೀಗೇಪುಡಿಗೆ ಗಡಸು ನೀರಾದರೂ ತಕರಾರಿಲ್ಲ. ಎಣ್ಣೆ ಹಚ್ಚಿಕೊಂಡು ನಾನು ಇಳಿದರೆ ಮೋಟಾರು ಏನಾಗುತ್ರೀ?” ಅಂದಳು ಅಕ್ಕ.

ಭಾವ ಮದ್ದೂರು ವಡೆಯ ಮಾತೆತ್ತಿದರು.