ಕಂಪ್ಯೂಟರ್ ಚಿಕ್ಕಪ್ಪ

ಮದುವೆಗೆ ಅಡುಗೆಯವರನ್ನು ಗೊತ್ತು ಮಾಡಲು ಒಬ್ಬರು, ಸೈಟು ಕೊಳ್ಳುವಾಗ ಪತ್ರ ನೋಡಲು ಒಬ್ಬರು ಇರುವ ಹಾಗೆ ನಮ್ಮ ಬಳಗದಲ್ಲಿ ಕಂಪ್ಯೂಟರಿಗೆಂದೇ ಒಬ್ಬ ಚಿಕ್ಕಪ್ಪ ಇದ್ದಾರೆ. ನಿಮ್ಮಲ್ಲೂ ಇದ್ದಾರೆ, ಅಲ್ಲಿ ಅವರು ಭಾವನೋ ಷಡ್ಡಕನೋ ಆಗಿರಬಹುದು, ಅಷ್ಟೇ. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬಂದಾಗ, ಮಿಕ್ಕವರೆಲ್ಲ ಕೆಲಸ ಹೋಗುತ್ತದೆಂದು ಮುಖ ಗಂಟಿಕ್ಕಿಕೊಂಡು ಕೂತಿದ್ದರೆ, ಟ್ರೇನಿಂಗಿಗೆ ಹೆಸರು ಕೊಟ್ಟವರು ಇವರೊಬ್ಬರೇ. ಚಪ್ಪಲಿ ಹೊರಗೆ ಬಿಟ್ಟು ಏಸಿ ಕೋಣೆಗೆ ಕಾಲಿಡುತ್ತಿದ್ದ ಕಾಲ ಅದು. ಮನುಷ್ಯರು ನಿವೃತ್ತರಾದರೂ ಆ ಟ್ರೇನಿಂಗು ಮಾತ್ರ ಇನ್ನೂ ಸರ್ವೀಸಿನಲ್ಲಿದೆ.

ಅವರ ವೈಭವದ ದಿನಗಳು ಅಂದರೆ ಪೆನ್‌ಡ್ರೈವಿನ ಕಾಲ. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಲು ಹೋದ ಪೆನ್‌ಡ್ರೈವ್ ಮನೆಗೆ ಬರುವಾಗ ಒಬ್ಬಂಟಿಯಾಗಿ ಬರುತ್ತಿರಲಿಲ್ಲ. ಚುಚ್ಚಿದ ತಕ್ಷಣ ಆಟೋರನ್ ನೆಪದಲ್ಲಿ ವೈರಸ್ ತಾನಾಗಿಯೇ ಚಾಲೂ ಆಗುತ್ತಿತ್ತು, ಫೋಲ್ಡರುಗಳೆಲ್ಲ ಮಾಯವಾಗುತ್ತಿದ್ದವು. ಆಗ ಚಿಕ್ಕಪ್ಪನಿಗೆ ಕರೆ ಹೋಗುತ್ತಿತ್ತು. ಬಂದು, ಕಪ್ಪು ತೆರೆಯಲ್ಲಿ ಎರಡು ಸಾಲು ಟೈಪಿಸಿ, ಮಾಯವಾದ ಮುಂಜಿ ಫೋಟೋಗಳನ್ನು ಕಣ್ಣೆದುರು ಎಬ್ಬಿಸಿ ಕೂರಿಸುತ್ತಿದ್ದರು. ನಿಜಕ್ಕೂ ಬಲ್ಲವರು, ಸುಳ್ಳು ಹೇಳಬಾರದು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸುಗಳಲ್ಲೂ ಪೆನ್‌ಡ್ರೈವಿನ ಆಟೋರನ್‌ಗೆ ಕಡಿವಾಣ ಹಾಕಿತು. ಚಿಕ್ಕಪ್ಪನ ಪ್ರಾಕ್ಟೀಸು ಅಲ್ಲಿಗೆ ಅರ್ಧ ಬಿತ್ತು. ಆ ಕಂಪನಿಯ ಮೇಲೆ ಅವರಿಗಿರುವ ಸಿಟ್ಟಿಗೆ ಬೇರೆ ಕಾರಣ ನನಗಂತೂ ತೋಚಿಲ್ಲ.

ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ ಹೊಸ ಕಂಪ್ಯೂಟರಿಗೆ ನನ್ನ ಹೆಂಡತಿ ಕುಂಕುಮ ಇಟ್ಟು ಬಳಗದ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ದೇ ತಡ, ಉತ್ತರ ಬಂತು: "ಯಾರೂ ನೆಟ್ ಹಾಕಬೇಡಿ. ಹೊರಟಿದ್ದೇನೆ."

ಬಂದವರು ನೀರೂ ಮುಟ್ಟದೆ ಕನ್ನಡಕ ಹಣೆಗೇರಿಸಿ ತೆರೆಯ ಬಲಮೂಲೆಗೆ ಮುಖ ಇಟ್ಟರು.

"ಏನಪ್ಪಾ, ಆಂಟಿವೈರಸ್ ಯಾವ್ದು?"

"ವಿಂಡೋಸ್ ಜೊತೆಗೇ ಡಿಫೆಂಡರ್ ಬಂದಿದೆ ಚಿಕ್ಕಪ್ಪ. ಮನೆ ಬಳಕೆಗೆ ಅಷ್ಟು ಸಾಕಂತೆ."

"ಸಾಕಂತೆ," ಅಂತ ಗೋಡೆಗೆ ಹೇಳಿದರು. "ಬ್ಯಾಂಕಿನಲ್ಲಿ ಮೂವತ್ತು ವರ್ಷ ಜನಕ್ಕೆ ಬಿಟ್ಟಿ ಕ್ಯಾಲೆಂಡರ್ ಹಂಚಿದೀನಿ. ಬಿಟ್ಟಿ ಯಾಕೆ ಕೊಡ್ತಾರೆ ಅಂತ ನನಗೆ ಗೊತ್ತಿಲ್ವಾ?"

ಡಿಫೆಂಡರ್ ಪೂರ್ಣ ಪ್ರಮಾಣದ ಆಂಟಿವೈರಸ್ ಆಗಿ ವಿಂಡೋಸ್ ಜೊತೆಗೇ ಬರತೊಡಗಿದ್ದು 2012ರಲ್ಲಿ, ವಿಂಡೋಸ್ 8ರಿಂದ. ಇಷ್ಟು ವರ್ಷದಲ್ಲಿ ಅದೂ ಪಳಗಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಲಾಹೋರ್ ತಲುಪಿದ್ದರು. 1986ರಲ್ಲಿ ಅಲ್ಲಿನ ಅಣ್ಣತಮ್ಮ ಇಬ್ಬರು 'ಬ್ರೈನ್' ಅನ್ನುವ ವೈರಸ್ ಬರೆದು ಫ್ಲಾಪಿಯಲ್ಲಿ ಬಿಟ್ಟ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. "ವೈರಸ್ ಒಳಗೇ ಹೆಸರು, ವಿಳಾಸ, ಫೋನ್ ನಂಬರ್ ಬರೆದಿದ್ರು ಕಣಯ್ಯಾ! ಅಂಥ ಮರ್ಯಾದಸ್ಥರು ಈಗೆಲ್ಲಿ?"

ಬ್ರ್ಯಾಂಡುಗಳ ವಿಷಯದಲ್ಲಿ ಅವರದು ವಿದೇಶಾಂಗ ನೀತಿ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮವು. ಚೆನ್ನೈನದು ಅಂದಾಗ ಮಾತ್ರ ಕಾವೇರಿ ನೆನಪಾಗಿ ದನಿ ತುಸು ಇಳಿಯುತ್ತದೆ. ರಷ್ಯಾದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು 2024ರಲ್ಲಿ ಅಮೆರಿಕ ನಿಷೇಧಿಸಿತು. "ಅವರೇ ಅಷ್ಟು ಹೆದರ್ತಾರೆ ಅಂದ್ರೆ ಒಳ್ಳೇ ಮಾಲೇ ಇರಬೇಕು." ನಮಗೆ ಯಾವುದು ಬೇಕು, ನಾವು ಕಂಪ್ಯೂಟರಿನಲ್ಲಿ ಮಾಡುವುದೇನು ಎಂದು ಮಾತ್ರ ಅವರು ಕೇಳಲಿಲ್ಲ. ಮಗಳು ಓದುತ್ತಾಳೆ, ನಾನು ಕರೆಂಟ್ ಬಿಲ್ ಕಟ್ಟುತ್ತೇನೆ. ಹೇಳಿದ್ದರೆ ಬೇಜಾರಾಗುತ್ತಿತ್ತೇನೋ.

ಆಮೇಲೆ ಪರೀಕ್ಷೆ. ಜೇಬಿನಿಂದ ಬ್ಯಾಂಕಿನ ಹಳೆಯ ಡೈರಿ ತೆಗೆದರು. ಅದರಲ್ಲಿ ಲೆಡ್ಜರಿನ ದುಂಡು ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರ, ಶೇಕಡಾ ಚಿಹ್ನೆ, ಕಂಸ, ಡಾಲರ್ ಎಲ್ಲ ಬೆರೆತ ಒಂದು ಸಾಲು. ಒಟ್ಟು 68 ಅಕ್ಷರ. ಐಕಾರ್ ಪರೀಕ್ಷಾ ಫೈಲು ಅಂತ ಅದರ ಹೆಸರು. ಅದು ಯಾರಿಗೂ ಏನೂ ಮಾಡುವುದಿಲ್ಲ; ಆದರೆ ಅದನ್ನು ಕಂಡರೆ ವೈರಸ್ ಎಂದು ಕೂಗಿಕೊಳ್ಳಬೇಕೆಂದು ಆಂಟಿವೈರಸ್ ತಯಾರಕರು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಚಿಕ್ಕಪ್ಪ ನೋಟ್‌ಪ್ಯಾಡ್ ತೆರೆದು ಒಂದೇ ಬೆರಳಲ್ಲಿ ಶುರು ಮಾಡಿದರು. "ಡಾಲರ್ ಎಲ್ಲಮ್ಮಾ ಪುಟ್ಟೀ?" "ನಾಲ್ಕರ ಮೇಲಿದೆ ತಾತ." ಕಾಫಿ ಬಂತು, ಆರಿತು, ಕೆನೆಗಟ್ಟಿತು. ಕೊನೆಗೆ ಸೇವ್ ಮಾಡಿ ಕೈಕಟ್ಟಿ ಕೂತರು.

ಏನೂ ಆಗಲಿಲ್ಲ.

"ನೋಡಿದ್ಯಾ? ವೈರಸ್ ಬಂದು ಚಕ್ಕಂಬಕ್ಕಳ ಹಾಕಿ ಕೂತಿದೆ, ನಿನ್ನ ಡಿಫೆಂಡರ್ ಗೊರಕೆ ಹೊಡೀತಿದೆ!"

ಹೆಂಡತಿ ನನ್ನನ್ನು ನೋಡಿದಳು. ಮಗಳು ಮಾತ್ರ ಡೈರಿಯನ್ನೂ ತೆರೆಯನ್ನೂ ಬದಲಿಸಿ ಬದಲಿಸಿ ನೋಡಿ, "ತಾತ, ಮೂರನೇದು ಸೊನ್ನೆ ಅಲ್ಲ, ಓ," ಅಂದಳು. ತಿದ್ದಿ ಸೇವ್ ಒತ್ತಿದ್ದೇ ಮೂಲೆಯಲ್ಲಿ ಎಚ್ಚರಿಕೆ ಹಾರಿತು. ಫೈಲು ನಾಪತ್ತೆ. ಚಿಕ್ಕಪ್ಪ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು.

"ಹೂಂ. ಸಣ್ಣಪುಟ್ಟದ್ದನ್ನ ಹಿಡಿಯುತ್ತೆ."

ನಂತರದ ಕೆಲಸ, ವಿಂಡೋಸ್ ಅಪ್‌ಡೇಟ್ ನಿಲ್ಲಿಸಿದ್ದು. ಡೇಟಾ ತಿನ್ನುತ್ತದಂತೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಬಂದು ಲೋಕವೆಲ್ಲ ಬೊಬ್ಬೆ ಹೊಡೆಯಿತಲ್ಲ, ಆ ತೂತಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕಳಿಸಿತ್ತು; ಪೆಟ್ಟು ತಿಂದವರಲ್ಲಿ ಬಹುಪಾಲು ಅದನ್ನು ಹಾಕಿಕೊಳ್ಳದೆ ಕೂತವರು. ಇದನ್ನು ಅವರಿಗೆ ಹೇಳಬೇಕಿತ್ತು. "ನೀವೇ ಹೇಳಿ, ನಿಮ್ಮ ಚಿಕ್ಕಪ್ಪ," ಎಂದು ಹೆಂಡತಿ ಕಣ್ಣಲ್ಲೇ ಅಂದಳು. ಎತ್ತಿಕೊಂಡು ಆಡಿಸಿದವರಿಗೆ ಸೆಕ್ಯುರಿಟಿ ಪ್ಯಾಚಿನ ಪಾಠ ಹೇಳುವ ಧೈರ್ಯ ನನಗಿಲ್ಲ. ಮಗಳಿಗೆ ಸನ್ನೆ ಮಾಡಿದೆ. ಅವರು ಕೈತೊಳೆಯಲು ಎದ್ದಾಗ ಅವಳು ಮತ್ತೆ ಚಾಲೂ ಮಾಡಿದಳು.

ಕೈ ಒರೆಸುತ್ತಾ ಬಂದವರು ಬಟ್ಟೆಯ ಚೀಲದಿಂದ ಆಂಟಿವೈರಸ್ಸಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಸೀಲು ಒಡೆದಿತ್ತು. ಕೀ ನಂಬರನ್ನು ಯಾರೋ ಆಗಲೇ ಕೆರೆದಿದ್ದರು.

"ಮೂರು ಕಂಪ್ಯೂಟರ್, ಮೂರು ವರ್ಷದ ಪ್ಯಾಕು. ಒಂದು ನಮ್ಮನೆಗೆ ಹಾಕ್ದೆ, ಒಂದು ಅಳಿಯಂದ್ರಿಗೆ. ಮೂರನೇದು ಸುಮ್ಮನೆ ದಂಡ ಆಗ್ತಿತ್ತು ಕಣಯ್ಯಾ."

ಎಲ್ಲರ ಮನೆಯ ರಿನ್ಯೂವಲ್ ತಾರೀಖೂ ಅವರಿಗೆ ಹಿರಿಯರ ತಿಥಿಯಷ್ಟೇ ಕರಾರುವಾಕ್ಕಾಗಿ ನೆನಪಿರುತ್ತದೆ, ನಮ್ಮದನ್ನೂ ಹೇಳಿದರು. ಲೆಕ್ಕ ಹಾಕಿದರೆ ಅವಧಿ ಶುರುವಾಗಿದ್ದು ಹೋದ ವರ್ಷ, ಅಳಿಯಂದಿರ ಮನೆಯಲ್ಲಿ. ಇನ್‌ಸ್ಟಾಲ್ ಆಯಿತು. ಹೊಸಬ ಬಂದೊಡನೆ ಡಿಫೆಂಡರ್ ತಾನಾಗಿ ಬದಿಗೆ ಸರಿಯಿತು. ಅದರ ಪದ್ಧತಿಯೇ ಹಾಗೆ. ಪರವಾಗಿಲ್ಲ, ಲೈಸೆನ್ಸ್ ಮುಗಿದಾಗ ವಾಪಸು ಬರುತ್ತದೆ.

ಒಟ್ಟು ದುಡ್ಡಿನಲ್ಲಿ ಮೂರನೆಯ ಒಂದು ಪಾಲು ನಮ್ಮದು ಅಂದರು. ಗೂಗಲ್ ಪೇ ಮಾಡೋಣ ಅಂತ ಫೋನ್ ಕೈಗೆತ್ತಿಕೊಂಡೆ.

"ಬೇಡ ಬೇಡ, ಕ್ಯಾಷೇ ಕೊಡು. ಅದೆಲ್ಲ ಸೇಫಲ್ಲ."